ಲಗ್ನಪತ್ರಿಕೆಯ ಮೇಲೊಂದು ಬಿಳಿ ಚೆಂಡು

ಮೊನ್ನೆ ನ್ಯಾಮತಿ ಬಸ್ಸಿನಲ್ಲಿ ಕಂಡಕ್ಟರಿಗೆ ಆಧಾರ್ ಕಾರ್ಡು ತೋರಿಸೋಣವೆಂದು ಬ್ಯಾಗಿಗೆ ಕೈ ಹಾಕಿದೆ. ಕೈ ಹೊರಗೆ ಬಂದಾಗ ಬೆರಳೆಲ್ಲ ನೀಲಿ. ಕಾರ್ಡಿನಲ್ಲಿದ್ದ ನನ್ನ ಮುಖವೂ ನೀಲಿ.

“ಏನ್ ಮೇಡಂ, ನಾಟಕದಾಗೆ ಕೃಷ್ಣನ ಪಾರ್ಟು ಮಾಡೀರೇನು?” ಎಂದು ಕಂಡಕ್ಟರು ನಕ್ಕು ಟಿಕೆಟ್ ಹರಿದುಕೊಟ್ಟ.

ಬ್ಯಾಗಿನ ತಳದಲ್ಲಿ ಸಕ್ಕರೆ ಅಚ್ಚಿನಷ್ಟು ದೊಡ್ಡದಾದ ಒಂದು ನೀಲಿ ಚಾಕ್ ಪುಡಿಯಾಗಿ ಕೂತಿತ್ತು. ಮೇಷ್ಟರಗಿತ್ತಿಯ ಬ್ಯಾಗಿನಲ್ಲಿ ಚಾಕ್‌ಪೀಸು ಇರುವುದರಲ್ಲಿ ಏನು ವಿಶೇಷ ಅನ್ನುತ್ತೀರಿ. ಆದರೆ ಇದು ಬೋರ್ಡಿನ ಮೇಲೆ ಬರೆಯುವ ಚಾಕಲ್ಲ. ಬಿಲಿಯರ್ಡ್ಸಿನಂಥ ಪೂಲ್ ಆಟ ಆಡುವವರು ಕೋಲಿನ ತುದಿಗೆ ತಿಕ್ಕಿಕೊಳ್ಳುವ ಚಾಕ್. ಹೊನ್ನಾಳಿಯ ಸೊಸೆ, ನ್ಯಾಮತಿ ಹೈಸ್ಕೂಲಿನ ಗಣಿತದ ಟೀಚರು, ಐವತ್ತಕ್ಕೆ ಒಂದೇ ವರ್ಷ ಬಾಕಿ ಇರುವ ನನ್ನ ಬ್ಯಾಗಿಗೆ ಅದು ಹೇಗೆ ಬಂತೆಂದು ಹೇಳಿಯೇ ಬಿಡುತ್ತೇನೆ. ಇಲ್ಲದಿದ್ದರೆ ಆ ಕಂಡಕ್ಟರ್ ಬೇರೆ ಏನಾದರೂ ಹಬ್ಬಿಸುತ್ತಾನೆ.

ನನಗೆ ಒಂದು ಕಡೆ ಕೂರಲು ಬರುವುದಿಲ್ಲ. ಇದು ಇಂದಿನ ರೋಗವಲ್ಲ. ಜಗಳೂರಿನ ನಮ್ಮ ಮನೆಯ ಕಟ್ಟೆಯ ಮೇಲೆ ಅಮ್ಮ, ಅಕ್ಕಂದಿರು ಬಿತ್ತನೆಗೆ ಶೇಂಗಾ ಸುಲಿಯಲು ಕೂತರೆ ಅವರ ಮೊರ ತುಂಬುವಷ್ಟರಲ್ಲಿ ನಾನು ನಾಲ್ಕು ಸಲ ಎದ್ದು, ನೀರು ಕುಡಿದು, ಬೀದಿಯ ಕೊನೆ ಮುಟ್ಟಿ ಬಂದಿರುತ್ತಿದ್ದೆ. ನನ್ನ ಮೊರದಲ್ಲಿ ಸಿಪ್ಪೆ ಮಾತ್ರ ಇರುತ್ತಿತ್ತು, ಬೀಜ ನನ್ನ ಹೊಟ್ಟೆಯಲ್ಲಿ. “ಇದ್ರ ಕಾಲಿಗೆ ಯಾರು ಚಕ್ರ ಕಟ್ಟಿ ಕಳಿಸಿದ್ರೋ” ಎಂದು ಅಮ್ಮ ಬೈಯುತ್ತಿದ್ದಳು. ಬೀದಿಯಲ್ಲಿ ಹುಡುಗರ ಜೊತೆ ಗೋಲಿ ಆಡುವಾಗಲೂ ಅಷ್ಟೇ. ನನ್ನ ಗುರಿ ಚೆನ್ನಾಗಿತ್ತು. ಆದರೆ ಹೊಡೆದ ಮೇಲೆ ನನ್ನ ಗೋಲಿ ಎಲ್ಲಿ ಹೋಗಿ ನಿಂತಿತೆಂದು ನೋಡುವ ಅಭ್ಯಾಸವೇ ಇರಲಿಲ್ಲ. ಅದು ಸಾಮಾನ್ಯವಾಗಿ ಚರಂಡಿಯಲ್ಲಿರುತ್ತಿತ್ತು. ಟೀಚರಾದ ಮೇಲೆ ಡಿಸೆಂಬರಿಗೇ ಸಿಲಬಸ್ ಮುಗಿಸಿ ಹೆಡ್‌ಮಾಸ್ಟರ ಹತ್ತಿರ ಹೊಗಳಿಸಿಕೊಳ್ಳುತ್ತಿದ್ದೆ. ಮಕ್ಕಳಿಗೆ ಏನು ತಲುಪಿತೆಂದು ಅವರನ್ನೇ ಕೇಳಬೇಕು.

ಇಂಥ ನನ್ನನ್ನು ಕಳೆದ ವರ್ಷ ಮೆಕ್ಕೆಜೋಳ ಹಿಡಿದು ಕೂರಿಸಿತು. ಸ್ಕೂಟಿಯಲ್ಲಿ ಶಾಲೆಗೆ ಹೋಗುವಾಗ ದಾರಿಯಲ್ಲಿ ಯಾರೋ ಅರ್ಧ ರಸ್ತೆಗೆ ಜೋಳ ಒಣಹಾಕಿದ್ದರು. ನಿಧಾನ ಮಾಡಿದ್ದರೆ ಏನೂ ಆಗುತ್ತಿರಲಿಲ್ಲ. ನಾನು ನಿಧಾನ ಮಾಡಲಿಲ್ಲ. ಸ್ಕೂಟಿ ಒಂದು ಕಡೆ, ನಾನೊಂದು ಕಡೆ, ಬಲಗೈ ಮಣಿಕಟ್ಟು ಮುರಿದು ಮತ್ತೊಂದು ಕಡೆ. ಜೋಳ ಕಾಯುತ್ತಿದ್ದ ಅಜ್ಜಿ ಓಡಿಬಂದು ನನ್ನನ್ನು ಎಬ್ಬಿಸಿ, ಸೀರೆಗೆ ಅಂಟಿದ್ದ ಕಾಳನ್ನೆಲ್ಲ ಕೊಡವಿ ವಾಪಸ್ ರಾಶಿಗೆ ಹಾಕಿ, ಆಮೇಲೆ ನೀರು ಕೊಟ್ಟಳು.

ಆರು ವಾರ ಪ್ಲಾಸ್ಟರು. ಬಿಚ್ಚಿದ ಮೇಲೆ ನೋಡಿದರೆ ಕೈ ನನ್ನದೇ, ಆದರೆ ಮಾತು ಕೇಳುವುದಿಲ್ಲ. ಚಾಕ್‌ಪೀಸು ಹಿಡಿದು ಒಂದು ಸೊನ್ನೆ ಬರೆಯಲು ಹೋದರೆ ಮೊಟ್ಟೆಯಾಗುತ್ತಿತ್ತು. ಡಾಕ್ಟರು ಒಂದು ರಬ್ಬರ್ ಚೆಂಡು ಕೊಟ್ಟು, ದಿನಕ್ಕೆ ಇನ್ನೂರು ಸಲ ಹಿಸುಕಿ, ಇನ್ನೂ ಎರಡು ತಿಂಗಳು ರಜೆಯಲ್ಲಿರಿ ಅಂದರು. ಹಿಸುಕುತ್ತಾ ಮನೆಯೆಲ್ಲ ಸುತ್ತಿದೆ. ಅತ್ತೆಗೆ ತಲೆ ಸುತ್ತು ಬಂದು, “ಕೆಳಗಾರ ಹೋಗು ಮಾರಾಯ್ತಿ, ನಿನ್ನ ನೋಡಿ ನೋಡಿ ಬಿ.ಪಿ. ಏರೈತೆ” ಎಂದು ಕಳಿಸಿದರು.

ಕೆಳಗೆ ಎಂದರೆ ನಮ್ಮ ಮನೆಯ ಕೆಳಗಿನ ದೊಡ್ಡ ಹಾಲ್. ಹಿಂದೆ ಅಲ್ಲಿ ಭತ್ತದ ಮೂಟೆ ಇಡುತ್ತಿದ್ದರು. ಈಗ ನನ್ನ ಮೈದುನ ಲೋಕೇಶ ಎರಡು ಪೂಲ್ ಟೇಬಲ್ ಹಾಕಿದ್ದಾನೆ. ಸಂಜೆ ನಾಲ್ಕರ ಮೇಲೆ ಕಾಲೇಜು ಹುಡುಗರ ಗದ್ದಲ. ಬೆಳಗ್ಗೆ ಯಾರೂ ಇರುವುದಿಲ್ಲ. ಆ ದಿನ ನಾನು ಇಳಿದು ಹೋದಾಗ ಒಬ್ಬರಿದ್ದರು. ಅರವತ್ತು ದಾಟಿದ ತೆಳ್ಳಗಿನ ಮನುಷ್ಯ, ಇಸ್ತ್ರಿ ಮಾಡಿದ ಬಿಳಿ ಅಂಗಿ, ತೋಳಿನ ಗುಂಡಿ ಹಾಕಿಕೊಂಡೇ ಟೇಬಲ್ಲಿನ ಹಸಿರು ಬಟ್ಟೆಗೆ ಬ್ರಷ್ ಹೊಡೆಯುತ್ತಿದ್ದರು. ಒಂದೇ ದಿಕ್ಕಿಗೆ, ಕುದುರೆಗೆ ಮೈ ಉಜ್ಜಿದ ಹಾಗೆ.

ಅವರು ದಸ್ತಗೀರ್ ಸಾಬರು. ದೂರದ ಊರಿನ ಒಂದು ಹಳೆಯ ಕ್ಲಬ್ಬಿನಲ್ಲಿ ಮೂವತ್ತು ವರ್ಷ ಮಾರ್ಕರ್ ಆಗಿದ್ದವರು. ಮಾರ್ಕರ್ ಅಂದರೆ ದೊಡ್ಡ ಮನುಷ್ಯರು ಆಡುವಾಗ ಚೆಂಡು ಜೋಡಿಸಿಕೊಡುವುದು, ಸ್ಕೋರು ಬರೆಯುವುದು, ಕೈಗೆ ಕೋಲು ಕೊಡುವುದು. ವಯಸ್ಸಾದ ಮೇಲೆ ಬಸವಾಪಟ್ಟಣದ ಮಗಳ ಮನೆಗೆ ಬಂದಿದ್ದರು. ಬೆಳಗ್ಗೆ ಬಸ್ಸಿನಲ್ಲಿ ಬಂದು ಲೋಕೇಶನ ಟೇಬಲ್ಲುಗಳನ್ನು ನೋಡಿಕೊಂಡು, ಹುಡುಗರು ಬರುವ ಮೊದಲೇ ಹೊರಟುಬಿಡುತ್ತಿದ್ದರು.

ನಾನು ರಬ್ಬರ್ ಚೆಂಡು ಹಿಸುಕುತ್ತಾ ಟೇಬಲ್ಲಿನ ಸುತ್ತ ತಿರುಗಿದೆ. ಅವರು ಎರಡು ದಿನ ನೋಡಿದರು. ಮೂರನೆಯ ದಿನ, “ಟೀಚರಮ್ಮ, ತಪ್ಪು ತಿಳೀಬ್ಯಾಡ್ರಿ. ಆ ಚೆಂಡು ಹಿಸುಗಿದ್ರೆ ನಿಮ್ ಸಿಟ್ಟು ಜಾಸ್ತಿ ಆಗಾಕತ್ತೈತೆ. ಈ ಕೋಲು ಹಿಡೀರಿ. ಮಣಿಕಟ್ಟು ಸಡ್ಲ ಬಿಟ್ಟು ತೂಗ್ರಿ, ಅಷ್ಟೆ” ಅಂದರು.

ಹಿಡಿದೆ. ಸೀರೆಯ ಸೆರಗಿಗೆ ನಾಲ್ಕು ಪಿನ್ನು ಹಾಕಿಕೊಂಡು ಬಗ್ಗಿದೆ. ಹೊಡೆದೆ. ಗೋಲಿಯ ಗುರಿ ಮರೆತಿರಲಿಲ್ಲ. ಕೋಲು ತಾಗಿದ ಬಿಳಿ ಚೆಂಡು ಕೆಂಪಿಗೆ ಬಡಿದು, ಕೆಂಪು ಸೀದಾ ಟೇಬಲ್ಲಿನ ಮೂಲೆಯ ತೂತಿಗೆ, ಅಂದರೆ ಪಾಕೆಟ್ಟಿಗೆ ಬಿತ್ತು. ನಾನು ಹಿಗ್ಗಿ ಸಾಬರ ಮುಖ ನೋಡಿದೆ. ಅವರು ಕೆಂಪು ಚೆಂಡನ್ನು ನೋಡಿಯೇ ಇರಲಿಲ್ಲ. ಅವರ ಕಣ್ಣು ಬಿಳಿ ಚೆಂಡಿನ ಹಿಂದೆ ಹೋಗುತ್ತಿತ್ತು. ಅದು ಟೇಬಲ್ಲಿನ ಮೂರು ಗೋಡೆಗೆ ಬಡಿದು, ಎದುರು ಪಾಕೆಟ್ಟಿಗೆ ತಾನೂ ಬಿತ್ತು.

“ಬಿದ್ದಿದ್ದಲ್ರೀ ಮುಖ್ಯ. ಈಗ ಮುಂದಿಂದು ಎಲ್ಲಿಂದ ಹೊಡೀತೀರಿ?” ಎಂದರು.

ಅಲ್ಲಿಂದ ಶುರುವಾಯಿತು ನನ್ನ ಪಾಠ. ಸಾಬರು ಜೇಬಿನಿಂದ ಒಂದು ಹಳೆಯ ಲಗ್ನಪತ್ರಿಕೆ ತೆಗೆದು ಬಟ್ಟೆಯ ಮೇಲೆ ಹಾಸುತ್ತಿದ್ದರು. ಚೆಂಡು ಪಾಕೆಟ್ಟಿಗೆ ಬೀಳಬೇಕು, ಬಿಳಿಯದು ಬಂದು ಪತ್ರಿಕೆಯ ಮೇಲೆ ನಿಲ್ಲಬೇಕು. ಮೊದಲು ಇಡೀ ಪತ್ರಿಕೆ. ಅದು ಸಾಧಿಸಿದರೆ ಅರ್ಧಕ್ಕೆ ಮಡಿಸುವುದು. ಆಮೇಲೆ ಕಾಲು. ಯಾರದೋ ಮದುವೆಯ ಪತ್ರಿಕೆ ಅದು. ವಧುವಿನ ಹೆಸರಿನ ಮೇಲೆ ಚೆಂಡು ನಿಲ್ಲಿಸಲು ನನಗೆ ಹನ್ನೊಂದು ದಿನ ಹಿಡಿಯಿತು. ವರನ ಹೆಸರು ಮಡಿಕೆಯೊಳಗೆ ಹೋಗಿತ್ತು.

ಅದಕ್ಕಿಂತ ಕಷ್ಟದ್ದು ಸಾಲು. ಆರು ಚೆಂಡನ್ನು ಟೇಬಲ್ಲಿನ ನಡುವೆ ಗೇಣಿಗೊಂದರಂತೆ ಸಾಲಾಗಿ ಇಡುತ್ತಿದ್ದರು. ಒಂದಾದ ಮೇಲೊಂದನ್ನು ಪಾಕೆಟ್ಟಿಗೆ ಹಾಕಬೇಕು. ಬಿಳಿ ಚೆಂಡು ಉಳಿದ ಯಾವುದಕ್ಕೂ ತಾಗಕೂಡದು, ಟೇಬಲ್ಲಿನ ಗೋಡೆಗೂ ಬಡಿಯಕೂಡದು. ತಾಗಿದರೆ ಆರನ್ನೂ ಮತ್ತೆ ಇಡಬೇಕು. ಸಾಬರು ಬೈಯುತ್ತಿರಲಿಲ್ಲ. “ಮೊದ್ಲಿಂದ” ಎಂದಷ್ಟೇ ಹೇಳಿ ಸಾಲು ಜೋಡಿಸುತ್ತಿದ್ದರು. ನನಗೆ ಮೈಯೆಲ್ಲ ಇರುವೆ ಹರಿದ ಹಾಗಾಗುತ್ತಿತ್ತು. ನಾಲ್ಕನೆಯದು ಬೀಳುತ್ತಲೇ ಮನಸ್ಸು ಆರನೆಯದರ ಹತ್ತಿರ ಓಡಿ, ಕೈ ಐದನೆಯದನ್ನು ಕೆಡಿಸುತ್ತಿತ್ತು.

ನಡುವೆ ನನ್ನ ವಿದ್ಯೆಯನ್ನೂ ತೋರಿಸಿದೆ. ಕಾಗದದ ಮೇಲೆ ಗೆರೆ ಎಳೆದು, ಬಿಳಿ ಚೆಂಡು ತಿರುಗದೆ ಜಾರಿಕೊಂಡು ಬಂದು ತಾಗಿದರೆ ಎರಡು ಚೆಂಡೂ ತೊಂಬತ್ತು ಡಿಗ್ರಿಯಲ್ಲಿ ಬೇರೆಯಾಗುತ್ತವೆ ಎಂದು ವಿವರಿಸಿದೆ. ಸಾಬರು ಕಾಗದವನ್ನು ಬಹಳ ಹೊತ್ತು ನೋಡಿದರು.

“ಹೌದ್ರೀ, ಹಂಗೇ ಹೋಗ್ತೈತೆ. ಅದ್ಕೊಂದು ಲೆಕ್ಕ ಐತೆ ಅಂತ ಗೊತ್ತಿರ್ಲಿಲ್ಲ ನೋಡ್ರಿ” ಎಂದರು. ಆಮೇಲೆ ಕೋಲು ತೆಗೆದುಕೊಂಡು ಆ ತೊಂಬತ್ತು ಡಿಗ್ರಿಯನ್ನು ಆರು ಸಲ ಮಾಡಿ ತೋರಿಸಿದರು. ಆರು ಚೆಂಡೂ ಹೋದವು. ಬಿಳಿಯದು ಸಾಕಿದ ಬೆಕ್ಕಿನ ಹಾಗೆ ಅವರು ಹೇಳಿದಲ್ಲೆಲ್ಲ ಹೋಗಿ ಕೂತಿತು. ಲೆಕ್ಕ ಬರುವ ನಾನು ಆ ದಿನವೂ ನಾಲ್ಕಕ್ಕೇ ನಿಂತೆ.

ಕ್ಲಬ್ಬಿನಲ್ಲಿ ಮಾರ್ಕರ್‌ಗಳು ಆಡುವಂತಿರಲಿಲ್ಲವಂತೆ. ಮೆಂಬರುಗಳು ಬರುವ ಮೊದಲು, ಬೆಳಗಿನ ಹೊತ್ತು ಟೇಬಲ್ ಒರೆಸುವ ನೆಪದಲ್ಲಿ ಸಾಬರು ಒಬ್ಬರೇ ಹೀಗೆ ಸಾಲು ಇಟ್ಟುಕೊಂಡು ಹೊಡೆಯುತ್ತಿದ್ದರು. ಮೂವತ್ತು ವರ್ಷ.

“ಮ್ಯಾಚ್ ಆಡಿಲ್ವೇ?” ಎಂದು ಕೇಳಿದೆ.

“ಇಲ್ರಿ” ಎಂದು ಬ್ರಷ್ ಎತ್ತಿಕೊಂಡರು.

ಅಷ್ಟು ಸಾಕಿತ್ತು ನನಗೆ. ಇಷ್ಟು ಬರುವ ಮನುಷ್ಯ ಒಂದು ಮ್ಯಾಚೂ ಆಡಿಲ್ಲವೆಂದರೆ ಏನರ್ಥ? ಆ ವಾರವೇ ಲೋಕೇಶ ಮೊಬೈಲಿನಲ್ಲಿ ಒಂದು ಪೋಸ್ಟರ್ ತೋರಿಸಿದ. ಚನ್ನಗಿರಿಯಲ್ಲಿ ಹೊಸದಾಗಿ ತೆರೆದ ಪೂಲ್ ಹಾಲ್‌ನವರು ಟೂರ್ನಮೆಂಟ್ ಇಟ್ಟಿದ್ದರು. “ಅತ್ಗೆ, ಒಂದು ಜಾಗ ಖಾಲಿ ಐತಂತೆ” ಎಂದ. ನಾನು ಅಲ್ಲೇ ನಿಂತು ದಸ್ತಗೀರ್ ಸಾಬರ ಹೆಸರು ಬರೆಸಿದೆ. ಅವರನ್ನು ಕೇಳಬೇಕೆಂದು ನನಗೆ ಹೊಳೆಯಲೇ ಇಲ್ಲ. ನಿಜ ಹೇಳಬೇಕೆಂದರೆ, ಹೊಳೆದಿತ್ತು. ಕೇಳಿದರೆ ಬೇಡ ಅನ್ನುತ್ತಾರೆಂದೂ ಹೊಳೆದಿತ್ತು.

ಮರುದಿನ ಸಾಬರು ಬರಲಿಲ್ಲ. ಅದರ ಮರುದಿನವೂ ಇಲ್ಲ. ಲೋಕೇಶ ಫೋನ್ ಮಾಡಿದರೆ ಮಗಳು ಎತ್ತಿ, ಅಪ್ಪನಿಗೆ ಆರಾಮಿಲ್ಲ ಎಂದಳಂತೆ. ಅಷ್ಟರಲ್ಲಿ ಆಟಗಾರರ ಪಟ್ಟಿ ಊರೂರಿನ ವಾಟ್ಸಾಪಿನಲ್ಲಿ ಓಡಾಡುತ್ತಿತ್ತು. ಏನಾಗಿದೆಯೆಂದು ನನಗೆ ಅರ್ಥವಾಯಿತು.

ಆ ನಾಲ್ಕು ದಿನ ನಾನೊಬ್ಬಳೇ ಸಾಲು ಇಟ್ಟುಕೊಂಡು ಹೊಡೆದೆ. ತಪ್ಪಿದಾಗ ಆರನ್ನೂ ನಾನೇ ಹೆಕ್ಕಿ ಇಡಬೇಕು. ಒಮ್ಮೆ ಐದಕ್ಕೆ ಹೋದೆ. ಹೇಳಿಕೊಳ್ಳಲು ಯಾರೂ ಇರಲಿಲ್ಲ. ಆರನೆಯದನ್ನು ಸಿಟ್ಟಿನಿಂದ ಹೊಡೆದೆ. ಅದು ಟೇಬಲ್ ಹಾರಿ, ಮೆಟ್ಟಿಲ ಕೆಳಗಿದ್ದ ಅತ್ತೆಯ ತಾಮ್ರದ ಹಂಡೆಗೆ ಬಡಿದು ಮನೆಯೆಲ್ಲ ಗಣ್ಣೆಂದಿತು. ಮಧ್ಯಾಹ್ನದ ಬಸ್ಸಿಗೆ ಬಸವಾಪಟ್ಟಣಕ್ಕೆ ಹೊರಟೆ.

ಸಾಬರ ಮಗಳು ನಸೀಮಾ ಬ್ಲೌಸ್ ಹೊಲಿಯುವವಳು. ಮಿಷನ್ ನಿಲ್ಲಿಸಿ, “ಬರ್ರಿ ಟೀಚರ್ರೇ. ಅಬ್ಬಾ ಒಳಗ್ ಕುಂತಾರೆ. ಜ್ವರ ಗಿರ ಏನಿಲ್ಲ” ಎಂದು ಕುರ್ಚಿ ಹಾಕಿದಳು. ಸಾಬರು ಹೊರಗೆ ಬಂದರು. ಮನೆಯಲ್ಲೂ ಅದೇ ಇಸ್ತ್ರಿಯ ಅಂಗಿ.

“ಟೀಚರಮ್ಮ, ನನ್ ಹೆಸ್ರು ಯಾರ್ನ ಕೇಳಿ ಬರೆಸಿದ್ರಿ?” ಎಂದರು. ದನಿ ಏರಿರಲಿಲ್ಲ. ಏರಿದ್ದರೆ ಚೆನ್ನಾಗಿತ್ತು.

“ತಪ್ಪಾಯ್ತು ಸಾಬ್ರೇ” ಎಂದೆ. ಇಪ್ಪತ್ತೈದು ವರ್ಷದಿಂದ ಮಕ್ಕಳ ಬಾಯಲ್ಲಿ ಹೇಳಿಸಿದ ಮಾತು. ನಾನೇ ಹೇಳಿದ್ದು ಅದೇ ಮೊದಲು.

ನಸೀಮಾ ಚಹಾ ತಂದಿಟ್ಟಳು. ಸಾಬರು ಲೋಟ ಹಿಡಿದುಕೊಂಡು, ಕುಡಿಯದೆ, ಹೇಳಿದರು.

“ಇಲ್ಲ ಅಂದಿದ್ನಲ್ಲ ನಿಮ್ಗೆ, ಅದು ಸುಳ್ಳು. ಒಂದೇ ಒಂದು ಆಡೀನ್ರಿ. ನನಗಾಗ ಇಪ್ಪತ್ತಾರು ವರ್ಷ. ಒಬ್ರು ಮೆಂಬರ್ ಇದ್ರು, ಭಾಳ ಒಳ್ಳೇರು. ಹಬ್ಬಕ್ಕೆ ನನ್ ಮಗಳಿಗೆ ಬಟ್ಟೆ ಕೊಡಿಸೋರು. ಅವತ್ತು ಅವ್ರ ಜೋಡಿ ಆಡೋರು ಬರ್ಲಿಲ್ಲ. ‘ದಸ್ತಗೀರ್, ನೀನೇ ಬಾ’ ಅಂದ್ರು. ನಾನು ಬ್ಯಾಡ ಅಂದೆ. ಬಾರೋ ಅಂದ್ರು. ಹೋದೆ. ಅವ್ರು ಒಂದು ತಪ್ಪಿದ್ರು. ನಾನು ನಿಂತೋನು ನಿಂತೆ, ಎಲ್ಲಾ ಹಾಕ್ಬಿಟ್ಟೆ. ಅವ್ರಿಗೆ ಮತ್ತೆ ಬಗ್ಗಾಕೆ ಚಾನ್ಸೇ ಬರ್ಲಿಲ್ಲ.”

“ಆಮೇಲೆ?”

“ಆಮೇಲೆ ಏನಿಲ್ಲ. ಒಂದು ಮಾತೂ ಆಡ್ಲಿಲ್ಲ. ಕೋಲು ಗೂಟಕ್ಕೆ ಹಾಕಿದ್ರು, ಕೋಟು ತೊಟ್ಕಂಡು ಹೋದ್ರು. ಮರುದಿವ್ಸದಿಂದ ಅವ್ರ ಟೇಬಲ್ಲಿಗೆ ಬ್ಯಾರೆ ಮಾರ್ಕರ್‌ನ ಕೇಳಿದ್ರು. ನಾನು ಅಲ್ಲಿ ಇರೋತಂಕ ನನ್ ಕಡೆ ತಿರುಗಿ ನೋಡ್ಲಿಲ್ಲ.” ಚಹಾ ಕೆನೆಗಟ್ಟಿತ್ತು. “ಬೈದಿದ್ರೆ ಮರ್ತು ಹೋಗ್ತಿತ್ತೇನೋ. ಅವತ್ತಿಂದ ಎದುರಿಗೆ ಒಬ್ರನ್ನ ನಿಲ್ಸಿಕೊಂಡು ಆಡಾಕೆ ನನಗೆ ಆಗಲ್ರಿ. ಒಬ್ನೇ ಇದ್ರೆ ಸೈ.”

ನಸೀಮಾ ಬಾಗಿಲ ಹತ್ತಿರ ನಿಂತಿದ್ದಳು. ಅವಳೂ ಇದನ್ನು ಮೊದಲ ಸಲ ಕೇಳುತ್ತಿದ್ದಳೆಂದು ಅವಳ ಮುಖ ನೋಡಿದರೆ ಗೊತ್ತಾಗುತ್ತಿತ್ತು.

ಹೆಸರು ತೆಗೆಸುತ್ತೇನೆಂದೆ. “ತೆಗೆಸ್ರಿ” ಎಂದರು. ಊರಿಗೆ ಬಂದು ಚನ್ನಗಿರಿಗೆ ಫೋನ್ ಮಾಡಿದರೆ, ಆ ಕಡೆಯವನು ಜೋಡಿಗಳೆಲ್ಲ ಆಗಿಹೋಗಿವೆ ಮೇಡಂ, ಆ ಜಾಗಕ್ಕೆ ಯಾರನ್ನಾದರೂ ಕೊಡಿ ಎಂದು ಗೋಗರೆದ. ಲೋಕೇಶ ಊರಲ್ಲಿರಲಿಲ್ಲ. ನನ್ನ ಬಾಯಿ ನನ್ನ ಕೈಗಿಂತ ಮುಂದೆ. ನನ್ನ ಹೆಸರನ್ನೇ ಹೇಳಿಬಿಟ್ಟೆ.

ಟೂರ್ನಮೆಂಟಿನ ದಿನ ಚೂಡಿದಾರ್ ಹಾಕಿಕೊಂಡು, ಲೋಕೇಶನ ಟೇಬಲ್ಲಿನಿಂದ ಒಂದು ನೀಲಿ ಚಾಕ್ ಬ್ಯಾಗಿಗೆ ಹಾಕಿಕೊಂಡು ಬಸ್ಸು ಹತ್ತಿದೆ. ಸೂಳೆಕೆರೆಯ ಪಕ್ಕ ಬಸ್ಸು ಹೋಗುವಾಗ ಎಲ್ಲರೂ ಕಿಟಕಿಯಿಂದ ನೀರು ನೋಡುತ್ತಿದ್ದರು. ನಾನು ಮುಂದಿನ ಸೀಟಿನ ಕಂಬಿಯನ್ನು ಕೋಲೆಂದು ಹಿಡಿದು ಮಣಿಕಟ್ಟು ತೂಗುತ್ತಿದ್ದೆ. ಪಕ್ಕದಲ್ಲಿದ್ದ ಹೆಂಗಸು ಸೀಟು ಬದಲಾಯಿಸಿದಳು.

ಚನ್ನಗಿರಿಯ ಆ ಹಾಲ್‌ನಲ್ಲಿ ಹೆಂಗಸೆಂದರೆ ನಾನೊಬ್ಬಳೇ. ಯಾರದೋ ತಾಯಿ ಮಗನನ್ನು ಎಳೆದುಕೊಂಡು ಹೋಗಲು ಬಂದಿದ್ದಾಳೆಂದು ತಿಳಿದು ಇಬ್ಬರು ಹಿಂಬಾಗಿಲಿನಿಂದ ಜಾರಿಕೊಂಡರು. ನನ್ನ ಎದುರಾಳಿ ಡಿಗ್ರಿ ಓದುವ ಹುಡುಗ. ಮೊದಲು ಬಂದು ಕಾಲಿಗೆ ನಮಸ್ಕಾರ ಮಾಡಿ, ಆಮೇಲೆ ನನ್ನನ್ನು ಚೆನ್ನಾಗಿ ಸೋಲಿಸಿದ. ಮೊದಲ ಆಟದಲ್ಲಿ ಬಿಳಿ ಚೆಂಡನ್ನೇ ಪಾಕೆಟ್ಟಿಗೆ ಹಾಕಿದೆ. ಎರಡನೆಯದರಲ್ಲಿ ಏನೋ ಆಯಿತು. ಒಂದು ಹೊಡೆದೆ, ಬಿಳಿಯದು ನಿಲ್ಲಬೇಕಾದಲ್ಲಿ ನಿಂತಿತು. ಇನ್ನೊಂದು ಹೊಡೆದೆ, ನಿಂತಿತು. ಮೂರನೆಯದು ಹೊಡೆದಾಗ ಅದು ಎರಡು ಚೆಂಡಿನ ಸಂದಿಯಲ್ಲಿ ಯಾವುದಕ್ಕೂ ತಾಗದೆ ಹಾದು, ಒಂದು ಗೋಡೆ ಮುಟ್ಟಿ, ನಾನು ಮನಸ್ಸಿನಲ್ಲಿ ಲಗ್ನಪತ್ರಿಕೆ ಹಾಸಿದ್ದ ಕಡೆ ಬಂದು ನಿಂತಿತು. ಸಂತೋಷಕ್ಕೆ ಮುಂದಿನದನ್ನು ಅವಸರದಲ್ಲಿ ಹೊಡೆದು ತಪ್ಪಿಸಿದೆ. ಹುಡುಗ ಎದ್ದು ಉಳಿದದ್ದನ್ನೆಲ್ಲ ಮುಗಿಸಿದ.

ಕೋಲು ಇಟ್ಟು ತಿರುಗಿದರೆ ಬಾಗಿಲ ಪಕ್ಕದಲ್ಲಿ ಇಸ್ತ್ರಿ ಮಾಡಿದ ಬಿಳಿ ಅಂಗಿ. ಪಟ್ಟಿಯಲ್ಲಿ ತಮ್ಮ ಹೆಸರಿದ್ದ ಜಾಗದಲ್ಲಿ ನನ್ನ ಹೆಸರು ನೋಡಿರಬೇಕು. ಸಾಬರು ಯಾವಾಗ ಬಂದರೋ, ಎಷ್ಟು ನೋಡಿದರೋ ತಿಳಿಯದು.

“ಸೋತೆ ಸಾಬ್ರೇ” ಎಂದೆ.

“ಅದಿರ್ಲಿ. ಆ ಮೂರ್ನೇದು ಹೊಡೆದ್ಮ್ಯಾಲೆ ಬಿಳೇದು ಬಂದು ನಿಂತಿದ್ದು ನೋಡಿದ್ರಾ?” ಅವರ ಕಣ್ಣು ಹೊಳೆಯುತ್ತಿತ್ತು. “ಈ ಹಾಲ್‌ನಾಗೆ ಇನ್ನೊಬ್ರು ಯಾರಿಗೂ ಅದು ಕಾಣ್ಲಿಲ್ಲ.”

ಆಗಲೇ ಊಟದ ಬಿಡುವು. ಮೇಲಿನ ಮಹಡಿಯಲ್ಲಿ ಪಲಾವು ಬಡಿಸುತ್ತಿದ್ದರು, ಎಲ್ಲರೂ ಅಲ್ಲಿಗೆ ಓಡಿದರು. ಹಾಲ್ ಖಾಲಿಯಾಯಿತು. ಸಾಬರು ಟೇಬಲ್ಲಿನ ಹತ್ತಿರ ಹೋಗಿ ಬಟ್ಟೆಯ ಮೇಲೆ ಅಂಗೈ ಆಡಿಸಿದರು. ನನ್ನ ಕಡೆ ನೋಡದೆ, “ಒಂದಾಟ ಆಡಾಣೇನ್ರಿ?” ಎಂದರು.

ಚೆಂಡು ಜೋಡಿಸಿದೆ.

ಸಾಬರಿಗೆ ಬೆವರು. ಕೋಲಿಗೆ ಚಾಕ್ ತಿಕ್ಕಿದ್ದೇ ತಿಕ್ಕಿದ್ದು. ಮೊದಲ ಹೊಡೆತದಲ್ಲಿ ಚೆಂಡಿನ ಗುಂಪನ್ನು ಒಡೆದರು, ಒಂದು ಬಿತ್ತು. ಮುಂದಿನದು ನಮ್ಮ ಲೋಕೇಶನಂಥವನೂ ಕಣ್ಣು ಮುಚ್ಚಿ ಹಾಕುವಂಥ ಚೆಂಡು. ಅದನ್ನು ತಪ್ಪಿದರು. ಬಿಳಿಯದು ನನಗೆ ಒಳ್ಳೆಯ ಜಾಗದಲ್ಲಿ ಬಂದು ನಿಂತಿತು. ಹಾಗೆ ಮೂರು ಸಲ. ಕೊನೆಗೆ ನನಗೆ ಕಪ್ಪು ಚೆಂಡೊಂದೇ ಉಳಿದಿತ್ತು. ಅದು ಬಿದ್ದರೆ ಆಟ ನನ್ನದು.

ಬಗ್ಗಿದವಳಿಗೆ ಬೇಕೆಂದೇ ತಪ್ಪಿಸಿಬಿಡಲೇ ಅನ್ನಿಸಿತು. ತಪ್ಪಿಸುವುದೇನು ನನಗೆ ಕಷ್ಟವಲ್ಲ. ಆದರೆ ಈ ಮನುಷ್ಯನ ಕಣ್ಣಿಗೆ ಅದು ಕಾಣದೆ ಇರುತ್ತದೆಯೇ? ಬಿಳಿ ಚೆಂಡು ಒಂದು ಕೂದಲೆಳೆ ಆಚೆ ಹೋದರೂ ಗೊತ್ತಾಗುವವರು. ಸರಿಯಾಗಿ ಗುರಿಯಿಟ್ಟು ಹೊಡೆದೆ. ಕಪ್ಪು ಬಿತ್ತು.

ತಲೆ ಎತ್ತಲು ಧೈರ್ಯ ಬರಲಿಲ್ಲ. ಸಾಬರು ಕೋಲನ್ನು ಗೂಟಕ್ಕೆ ಹಾಕುವ ಸದ್ದು ಬರುತ್ತದೆಯೋ ಎಂದು ಕಿವಿ ಅಲ್ಲೇ ಇತ್ತು. ಬಂದದ್ದು ನಗು. ಮೊದಲು ಮೂಗಿನಲ್ಲಿ, ಆಮೇಲೆ ಕೆಮ್ಮು ಬರುವಷ್ಟು.

“ಯವ್ವ ಯವ್ವ, ಸೋತ್ರೆ ಹಿಂಗಾಗ್ತೈತೇನ್ರಿ! ಕೋಲು ಗೂಟಕ್ಕೆ ಹಾಕಿ ಎದ್ದು ಹೋಗಾಣ ಅನ್ನಿಸ್ತಲ್ರೀ. ಪಾಪ, ಕ್ಲಬ್ಬಿನ ಆ ಮೆಂಬರ್ರಿಗೂ ಹಿಂಗೇ ಆಗಿತ್ತೇನೋ.” ಕಣ್ಣೊರೆಸಿಕೊಂಡು ನನಗೆ ಕೈ ಚಾಚಿದರು. “ಚಲೋ ಆಡಿದ್ರಿ ಟೀಚರಮ್ಮ. ಬರ್ರಿ, ಇನ್ನೊಂದು. ಈ ಸಲಾನೂ ನಾನೇ ಒಡೀತೀನಿ.”

ಈ ಸಲ ಚಾಕ್ ಒಂದೇ ಸಲ ತಿಕ್ಕಿದರು. ಒಂದು ಹೋಯಿತು, ಎರಡು ಹೋದವು. ಬಿಳಿಯದು ಅವರಿಗೆ ಬೇಕಾದಲ್ಲೆಲ್ಲ ಹೋಗಿ ನಿಂತಿತು. ನಾಲ್ಕನೆಯದು ಹೋಗುವಷ್ಟರಲ್ಲಿ ಊಟ ಮುಗಿಸಿ ಕೈ ಒರೆಸಿಕೊಳ್ಳುತ್ತಾ ಜನ ಇಳಿದು ಬಂದರು. ಮಾತಾಡುತ್ತಾ ಬಂದವರು ಟೇಬಲ್ಲಿನ ಸುತ್ತ ಮಾತು ನಿಲ್ಲಿಸಿದರು. ನನ್ನನ್ನು ಸೋಲಿಸಿದ ಹುಡುಗನೂ ಅಲ್ಲಿದ್ದ. ಟೂರ್ನಮೆಂಟಿನ ಯಜಮಾನ ಪಟ್ಟಿ ಹಿಡಿದು ಮುಂದೆ ಬಂದು, “ಚಾಚಾ, ಮುಂದಿನ ಮ್ಯಾಚಿಗೆ ಟೇಬಲ್ ಬೇಕಾಗಿತ್ತು, ಸ್ವಲ್ಪ ಬಿಟ್ಟುಕೊಡ್ರಿ” ಎಂದ.

ಸಾಬರು ಬಗ್ಗಿದವರು ಬಗ್ಗಿದಂತೆಯೇ ಇದ್ದರು. ಕೋಲು ಎರಡು ಸಲ ತೂಗಿತು.

“ತಡೀರಿ,” ಎಂದರು, “ನಮ್ ಆಟ ನಡದೈತೆ.”